ಚಾತುರ್ಮಾಸದಲ್ಲಿ ಬಂದ ಕೊನೆಯ ಕಂತು

ನನ್ನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ ಎಂಬುದು ತುಕ್ಕಾನಟ್ಟಿಯಲ್ಲಿ ಎಲ್ಲರಿಗೂ ಗೊತ್ತು. ಯಾವುದಾದರೂ ಸಿನಿಮಾ ನೋಡಿ ಬಂದೆನೆಂದರೆ, ಬಸ್ಸಿಳಿದು ಮನೆ ಮುಟ್ಟುವಷ್ಟರಲ್ಲಿ ಅರ್ಧ ಓಣಿಗೆ ಅದರ ಕತೆ ಗೊತ್ತಾಗಿರುತ್ತದೆ. ಅಂಥ ನಾನು ಇಡೀ ಒಂದು ಚಾತುರ್ಮಾಸ ಬಾಯಿ ಕಟ್ಟಿಕೊಂಡು ಇರಬೇಕಾಯಿತು, ಅದೂ ಒಂದು ಅನಿಮೆಯ ಸಲುವಾಗಿ. ಅನಿಮೆ ಎಂದರೆ ಜಪಾನಿನವರು ಚಿತ್ರ ಬರೆದು ಮಾಡುವ ಧಾರಾವಾಹಿ. ಅದನ್ನು ಕಾರ್ಟೂನ್ ಎಂದವರ ಜೊತೆ ನಾನು ಇವತ್ತಿಗೂ ಜಗಳಕ್ಕೆ ನಿಲ್ಲುತ್ತೇನೆ.

ನಾವು ಮೂವರು. ಗೋಕಾಕದ ಕಾಲೇಜಿನಲ್ಲಿ ಕೂಡಿ ಓದಿದವರು. ಈಗ ನಾನು ಮೂಡಲಗಿಯಲ್ಲಿ ಕಂಪ್ಯೂಟರ್ ಕ್ಲಾಸ್ ನಡೆಸುತ್ತೇನೆ. ಗೋಕಾಕದವನು ಅಪ್ಪನ ಕರದಂಟಿನ ಅಂಗಡಿಯಲ್ಲಿ ಕೂರುತ್ತಾನೆ. ಮೂರನೆಯವಳು ಹುಕ್ಕೇರಿ ತಾಲ್ಲೂಕಿನ ಬೆಲ್ಲದ ಬಾಗೇವಾಡಿಯವಳು, ಜೈನರ ಮನೆಯ ಹುಡುಗಿ, ಅಣ್ಣಂದಿರಿಗಿಂತ ಚೆನ್ನಾಗಿ ಹೊಲ ನೋಡಿಕೊಳ್ಳುತ್ತಾಳೆ. ಫೋನಿನಲ್ಲಿ ನಮ್ಮದೊಂದು ಗುಂಪು ಉಂಟು. ಒಂದು ಸರಣಿ ನೋಡಿ ಮುಗಿಸಿದ ಮೇಲೆ ಅದರ ಬಗ್ಗೆ ಅನಿಸಿದ್ದನ್ನು ನಮ್ಮ ಮಾತಿನಲ್ಲಿಯೇ, ದನಿ ಮುದ್ರಿಸಿ ಹಾಕಬೇಕು. ಪೂರ್ತಿ ನೋಡದವರು ಬಾಯಿ ಬಿಡುವಂತಿಲ್ಲ. ಇಷ್ಟೇ ನಮ್ಮ ಕಾಯ್ದೆ.

ಗೋಕಾಕದವನಿಗೆ ಯಾವ ಸರಣಿಯೂ ಮೊದಲ ಭಾಗ ದಾಟಿದರೆ ಸೇರುವುದಿಲ್ಲ. ಕರದಂಟಿನ ಹಾಗೆ ಮೊದಲ ಭಾಗದಲ್ಲಿ ಅಂಟು, ಗೋಡಂಬಿ ಎಲ್ಲ ಹಾಕಿರುತ್ತಾರೆ, ಎರಡನೆಯದರಲ್ಲಿ ಬರೀ ಬೆಲ್ಲ ಅನ್ನುತ್ತಾನೆ. ಬಾಗೇವಾಡಿಯವಳದು ಬೇರೆಯೇ ಲೆಕ್ಕ. ಕತ್ತಿ ಕಾಳಗದ ಸರಣಿಯೊಂದನ್ನು ನಾವಿಬ್ಬರೂ ಹೊಗಳಿದ್ದೇ ಹೊಗಳಿದ್ದು, ಅವಳು ಮಾತ್ರ ಆ ಕಾಳಗದಲ್ಲಿ ಸತ್ತ ಕುದುರೆಗಳ ಕಡೆ ಒಬ್ಬನಾದರೂ ತಿರುಗಿ ನೋಡಿದನೇ ಎಂದು ಕೇಳಿ ನಮ್ಮ ಬಾಯಿ ಮುಚ್ಚಿಸಿದಳು. ನನ್ನ ಸಿಟ್ಟು ತಾಯಂದಿರ ವಿಷಯದ್ದು. ಅನಿಮೆಯಲ್ಲಿ ತಾಯಿ ಅನ್ನುವವಳು ಮೊದಲ ಕಂತಿನಲ್ಲೇ ಸಾಯುತ್ತಾಳೆ. ಮಗ ಶೂರನಾಗಬೇಕಾದರೆ ತಾಯಿ ಯಾಕೆ ಸಾಯಬೇಕು? ನಮ್ಮವ್ವ ಇದ್ದಾಳೆ, ಗಟ್ಟಿಮುಟ್ಟಾಗಿ ಇದ್ದಾಳೆ, ನಾನೇನು ಕಡಿಮೆ ಶೂರಳೇ?

ಮೂವರೂ ಒಪ್ಪಿಕೊಂಡ ಸರಣಿ ಒಂದೇ. ಹಿಮದ ಗುಡ್ಡದಲ್ಲಿ ನೀಲಿ ಕೋಡಿನ ಪ್ರಾಣಿಗಳನ್ನು ಮೇಯಿಸುವ ಅಕ್ಕ ಮತ್ತು ತಮ್ಮನ ಕತೆ. ಸಂಜೆಯಾದರೆ ತಮ್ಮ ಕಣಿವೆಯ ಬಾಯಿಗೆ ಕಟ್ಟಿದ ಮರದ ಬಾಗಿಲಲ್ಲಿ ನಿಂತು ಕೊಂಬು ಊದುತ್ತಾನೆ, ಅಕ್ಕ ಆ ಸದ್ದು ಹಿಡಿದು ಹಿಂಡಿನ ಸಮೇತ ಬರುತ್ತಾಳೆ. ಕುರಿಯವರ ಮನೆಯಲ್ಲಿ ಹುಟ್ಟಿದ ನನಗೆ ಅದು ನಮ್ಮ ಮನೆಯದೇ ಅನಿಸಿತ್ತು. ಬಾಗೇವಾಡಿಯವಳಂತೂ ಅದಕ್ಕೆ ಜೀವ ಬಿಡುತ್ತಿದ್ದಳು. ಕತೆಯ ಅಕ್ಕನ ಕೆಂಪು ಶಾಲಿನಂಥದ್ದನ್ನೇ ಹುಡುಕಿ ಹುಡುಕಿ ತಂದು ಹೊದ್ದುಕೊಂಡು ಹೊಲಕ್ಕೆ ಹೋಗುತ್ತಿದ್ದಳು.

ಅವಳ ಮನೆಯಲ್ಲಿ ಅಜ್ಜಿಯ ಮಾತೇ ಮಾತು. ಸೂರ್ಯ ಮುಳುಗುವ ಮುಂಚೆ ಉಂಡೇಳಬೇಕು, ಮುಳುಗಿದ ಮೇಲೆ ಅಜ್ಜಿ ತುತ್ತು ಅನ್ನವಿರಲಿ, ಗುಟುಕು ನೀರೂ ಮುಟ್ಟುವವರಲ್ಲ. ನಾವು ಅಲ್ಲಿ ಹೋದಾಗಲೂ ಎಂಥ ರಂಗಿನ ಮಾತಿದ್ದರೂ ಹೊತ್ತು ಇಳಿಯುತ್ತಲೇ ತಾಟಿನ ಮುಂದೆ ಹಾಜರಾಗಬೇಕು. ಆ ವರ್ಷ ಚಾತುರ್ಮಾಸಕ್ಕೆ ಊರಿನ ಬಸದಿಗೆ ಮುನಿಗಳು ಬಂದು ನಿಂತರು. ಅವರ ಮುಂದೆ ಒಬ್ಬೊಬ್ಬರೂ ಒಂದೊಂದು ಬಿಡುವುದಾಗಿ ನೇಮ ತೆಗೆದುಕೊಳ್ಳುವುದು ಪದ್ಧತಿ. ಅಜ್ಜಿ ಮೊಮ್ಮಕ್ಕಳನ್ನು ನೋಡಿ ನಕ್ಕಿದ್ದರಂತೆ.

“ಹಾಗಲಕಾಯಿ ಬಿಟ್ಟೇನಿ ಅಂತಾರ ಈಗಿನ ಹುಡುಗ್ಯಾರು. ಯಾವಾಗ ತಿಂದಿದ್ರಿ ಬಿಡಾಕ?”

ಗೆಳತಿಗೆ ಆ ಮಾತು ಚುರುಕ್ ಎಂದು ನಾಟಿತು. ಎದ್ದು ಹೋಗಿ, ದೀಪಾವಳಿಯ ತನಕ ಅನಿಮೆ ನೋಡುವುದಿಲ್ಲ, ಅದರ ಕತೆ ಕೇಳುವುದಿಲ್ಲ, ಅದರ ಬಗ್ಗೆ ಆಡುವುದೂ ಇಲ್ಲ ಎಂದು ನೇಮ ತೆಗೆದುಕೊಂಡಳು. ಮುನಿಗಳಿಗೆ ಅನಿಮೆ ಎಂದರೇನೆಂದು ಬಿಡಿಸಿ ಹೇಳಬೇಕಾಯಿತಂತೆ. ಅಜ್ಜಿ ಮಾತ್ರ, ಹದಿನೈದು ದಿನ ತಡೆದರೆ ಹೆಚ್ಚು ಎಂದು ಎಲ್ಲರ ಎದುರು ಅಂದುಬಿಟ್ಟರು.

ಅದಾದ ಬೆನ್ನಿಗೇ ಸುದ್ದಿ ಬಂತು. ನೀಲಿ ಕೋಡಿನ ಸರಣಿಯ ಕೊನೆಯ ಕಂತು ಶ್ರಾವಣದಲ್ಲಿ.

ನನಗೆ ಅಳುವೇ ಬಂತು. ನೇಮ ಮುರಿದರೆ ಒಂದು ಪ್ರಾಯಶ್ಚಿತ್ತ ಇರಬೇಕಲ್ಲ, ಕೇಳಿ ನೋಡು ಎಂದು ಹೇಳಿದೆ. ಅವಳು ಒಪ್ಪಲಿಲ್ಲ. ಸುಲಭವಿದ್ದರೆ ಅಜ್ಜಿ ಯಾಕೆ ನಗುತ್ತಿದ್ದರು, ಬಿಟ್ಟಿದ್ದೇನೆ ಅಂದಮೇಲೆ ಬಿಟ್ಟೆ ಎಂದಳು. ನಮ್ಮನ್ನು ಕೇಳಿಕೊಂಡದ್ದು ಒಂದೇ: ಕೊನೆ ಏನೆಂದು ತನ್ನ ಕಿವಿಗೆ ಬೀಳಬಾರದು, ದೀಪಾವಳಿಯ ನಂತರ ಮೂವರೂ ಕೂಡಿ ನೋಡೋಣ. ಗೋಕಾಕದವನು ಗುಂಪಿಗೆ ಬೀಗ ಜಡಿದ. ನಾವಿಬ್ಬರೂ ನಮ್ಮ ನಮ್ಮಲ್ಲಿ ಕೂಡ ಚಕಾರ ಎತ್ತಬಾರದು ಎಂದು ನನಗೆ ತಾಕೀತು ಮಾಡಿದ, ಅಲ್ಲಿ ಇಲ್ಲಿ ಸೋರುವುದು ಯಾರ ಬಾಯಿಂದ ಎಂದು ಅವನಿಗೆ ಗೊತ್ತಿತ್ತು. ನನಗೂ ಹಟ ಬಂತು. ನೋಡೇ ಬಿಡೋಣ ಎಂದೆ.

ಶ್ರಾವಣ ಬಂತು, ಕೊನೆಯ ಕಂತೂ ಬಂತು. ಒಬ್ಬಳೇ ಕೂತು ನೋಡಿದೆ. ಹಿಮ ಸುರಿದು ಕಣಿವೆ ಮುಚ್ಚುವ ಹೊತ್ತಿಗೆ ಒಂದು ಮರಿ ತಪ್ಪಿಸಿಕೊಂಡಿರುತ್ತದೆ. ಅಕ್ಕ ಅದನ್ನು ಹುಡುಕಿಕೊಂಡು ತಿರುಗಿ ಹೋಗುತ್ತಾಳೆ. ತಮ್ಮ ಊದುತ್ತಾನೆ, ಊದುತ್ತಲೇ ಇರುತ್ತಾನೆ. ಕಡೆಗೆ ಮರಿಯೊಂದೇ ಬರುತ್ತದೆ, ಕೊರಳಲ್ಲಿ ಅಕ್ಕನ ಕೆಂಪು ಶಾಲು. ಅವನು ಶಾಲು ಬಿಚ್ಚಿ ಬಾಗಿಲ ಕಂಬಕ್ಕೆ ಕಟ್ಟುತ್ತಾನೆ. ಅಲ್ಲಿಗೆ ಮುಗಿಯಿತು. ಸತ್ತಳೋ ಇದ್ದಾಳೋ ಹೇಳುವುದಿಲ್ಲ. ಜಗತ್ತಿನ ಅಭಿಮಾನಿಗಳೆಲ್ಲ ಅದರ ಮೇಲೆ ಕಚ್ಚಾಡುತ್ತಿದ್ದಾರೆ, ನಾನು ಮಾತ್ರ ಬಾಯಿಗೆ ಬಟ್ಟೆ ತುರುಕಿಕೊಂಡು ಕೂರಬೇಕು. ಊಟ ಸೇರಲಿಲ್ಲ. ಕ್ಲಾಸಿನಲ್ಲಿ ಮಕ್ಕಳ ಮೇಲೆ ಸುಮ್ಮಸುಮ್ಮನೆ ರೇಗಿದೆ. ಏನಾಗಿದೆ ನಿನಗೆ ಎಂದು ಅವ್ವ ಕೇಳಿದ್ದೇ ತಡ, ಮೊದಲ ಕಂತಿನಿಂದ ಹಿಡಿದು ಪೂರ್ತಿ ಹೇಳಿಬಿಟ್ಟೆ. ಅವ್ವ ಜೋಳ ಹಸನು ಮಾಡುತ್ತ ಹೂಂಗುಟ್ಟಿದಳು. ಬಾಗೇವಾಡಿಯವಳಿಗೆ ಹೇಳಬಾರದು ಎಂದಿತ್ತೇ ಹೊರತು ಅವ್ವನಿಗೆ ಹೇಳಬಾರದು ಎಂದು ಯಾರೂ ಹೇಳಿರಲಿಲ್ಲ.

ಆದರೆ ನಮ್ಮವ್ವ ಎಂಥವಳೆಂಬುದನ್ನು ನಾನು ಲಕ್ಷ್ಯಕ್ಕೆ ತಂದುಕೊಂಡಿರಲಿಲ್ಲ. ಅವ್ವ ಓಣಿಯ ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಕಳೆ ತೆಗೆಯಲು ಹೋಗುತ್ತಾಳೆ, ಹೋದಲ್ಲೆಲ್ಲ ಹಾಡುತ್ತಾಳೆ. ಯಾರದೋ ಮದುವೆ ಮುರಿದದ್ದು, ಯಾರದೋ ಎಮ್ಮೆ ಬಾವಿಗೆ ಬಿದ್ದದ್ದು, ಅವಳ ಕಿವಿಗೆ ಬಿದ್ದದ್ದೆಲ್ಲ ಹಾಡಾಗಿ ಸಾಲು ಹಿಡಿದು ಹೊರಡುತ್ತದೆ. ಅವಳು ಎತ್ತಿಕೊಟ್ಟರೆ ಉಳಿದವರು ಹಿಂದೆ ಹಾಡುತ್ತಾರೆ.

ಅದೇ ವಾರ ಗೆಳತಿ ಫೋನು ಮಾಡಿದಳು. ಸೋಯಾಬೀನಿನಲ್ಲಿ ಕಳೆ ಏರಿದೆ, ಊರಲ್ಲಿ ಆಳು ಸಿಗುತ್ತಿಲ್ಲ, ಅವ್ವನ ಗುಂಪನ್ನು ಕಳಿಸಲಾಗುತ್ತದೆಯೇ ಎಂದು ಕೇಳಿದಳು. ಅದಕ್ಕೇನಂತೆ ಎಂದೆ. ಬೆಳಿಗ್ಗೆ ಹೆಂಗಸರು ಟೆಂಪೋ ಹತ್ತಿ ಹೋದರು. ನಾನು ಮೂಡಲಗಿಗೆ ಹೊರಟು ಸ್ಕೂಟರ್ ಹೊರಗೆ ತೆಗೆಯುತ್ತಿದ್ದೆ. ಕಾಲು ಉಳುಕಿ ಮನೆಯಲ್ಲೇ ಉಳಿದಿದ್ದ ಬಾಜೂ ಮನೆಯ ಚಿಕ್ಕಮ್ಮ, ನಾವು ಕಾಕು ಎನ್ನುವವಳು, ರೊಟ್ಟಿ ಬಡಿಯುತ್ತ ಗುನುಗುತ್ತಿದ್ದಳು. ಕೇಳುತ್ತಾ ನಿಂತೆ. ನೀಲಿ ಕೋಡಿನ ಮರಿಯಂತೆ, ಕೊಂಬು ಊದುವ ತಮ್ಮನಂತೆ, ಆಕಾಶದಿಂದ ಹತ್ತಿ ಉದುರಿತಂತೆ.

ಸ್ಕೂಟರ್ ಅಲ್ಲೇ ಬಿಟ್ಟು ಅವಳ ಬಾಗಿಲಿಗೆ ಹೋದೆ. ಇದು ಯಾರ ಹಾಡು ಎಂದು ಕೇಳಿದೆ. ನಿಮ್ಮವ್ವನದೇ, ನಿನ್ನೆಯೆಲ್ಲ ಕಬ್ಬಿನೊಳಗೆ ಇದೇ ಹಾಡಿದೆವು ಎಂದಳು ಕಾಕು, ಬಹಳ ಅಕ್ಕರೆಯಿಂದ.

ಅವ್ವನಿಗೆ ಫೋನು ಹಚ್ಚಿದೆ. ಅದು ಯಾವ ಗಿಡಕ್ಕೆ ನೇತುಹಾಕಿದ ಚೀಲದಲ್ಲಿ ಬಡಿದುಕೊಳ್ಳುತ್ತಿತ್ತೋ. ಗೆಳತಿಗೆ ಹಚ್ಚಿ ಏನು ಹೇಳಲಿ? ಕಿವಿ ಮುಚ್ಚಿಕೋ ಎಂದರೆ ಅದೇ ಸುಳಿವು. ಕ್ಲಾಸಿಗೆ ರಜೆ ಎಂದು ಹೇಳಿ ಸ್ಕೂಟರ್ ತಿರುಗಿಸಿದೆ. ಘಟಪ್ರಭಾ ದಾಟಿ ಬಾಗೇವಾಡಿಯ ದಾರಿ ಹಿಡಿಯುವ ತನಕ ಅವ್ವನಿಗೆ, ನನಗೆ, ನನ್ನ ಬಾಯಿಗೆ ಬೈದದ್ದೇ ಬೈದದ್ದು. ಟ್ರ್ಯಾಕ್ಟರಿನವನೊಬ್ಬ ಅಡ್ಡ ಬಂದ, ಅವನಿಗೂ ಬೈಗುಳ ಸಿಕ್ಕಿತು.

ಹೊಲದ ಬದುವಿಗೆ ಹೋಗುವಷ್ಟರಲ್ಲಿ ಹಾಡು ನಡೆದೇ ಇತ್ತು. ಹೆಂಗಸರು ಬಗ್ಗಿ ಸಾಲು ಹಿಡಿದಿದ್ದರು, ಬೇವಿನ ನೆರಳಲ್ಲಿ ಅಜ್ಜಿ ಗೋಣಿಚೀಲದ ಮೇಲೆ ಕೂತು ಗಲ್ಲಕ್ಕೆ ಕೈ ಹಚ್ಚಿ ಕೇಳುತ್ತಿದ್ದರು, ಗೆಳತಿ ಚಹಾದ ಕಿಟ್ಲಿ ಹಿಡಿದು ಬರುತ್ತಿದ್ದಳು. ಹಾಡಿನಲ್ಲಿ ಆಗಲೇ ಹತ್ತಿ ಉದುರುತ್ತಿತ್ತು, ಅಕ್ಕ ಮರಿಯನ್ನು ಹುಡುಕಲು ತಿರುಗಿ ಹೊರಟಿದ್ದಳು. ಅವ್ವಾ, ನಿಲ್ಲಿಸು ಎಂದು ಕೂಗಿದೆ. ಅವ್ವ ತಲೆ ಎತ್ತಲಿಲ್ಲ. ಸಾಲು ಮುಗಿಯದೆ ಹಾಡು ನಿಲ್ಲಿಸುವವಳಲ್ಲ ಅವಳು.

ಗೆಳತಿ ನನ್ನನ್ನು ನೋಡಿದಳು, ಅವ್ವನನ್ನು ನೋಡಿದಳು. ಅವಳೇನು ದಡ್ಡಿಯೇ? ಕೋಡು, ಕೊಂಬು, ತಮ್ಮ, ಏದುಸಿರು ಬಿಡುತ್ತ ನಿಂತ ನಾನು. ಇದು ಯಾವ ಕತೆಯೆಂದು ಹೊಳೆಯಿತು. ಇನ್ನೆರಡು ನುಡಿ ನಿಂತಿದ್ದರೆ ಕೊನೆ ತಾನಾಗಿ ಕಿವಿಗೆ ಬೀಳುತ್ತಿತ್ತು, ನೇಮ ಮುರಿದೆ ಎಂದು ಅಲ್ಲಿ ಯಾರೂ ಅನ್ನುತ್ತಿರಲಿಲ್ಲ. ಅವಳು ಕಿಟ್ಲಿಯನ್ನು ಬದುವಿನ ಮೇಲಿಟ್ಟಳು. ಎರಡೂ ಕಿವಿಗೆ ಅಂಗೈ ಒತ್ತಿಕೊಂಡು, ಓಡದೆ, ತಿರುಗಿ ನೋಡದೆ, ಹೊಲದ ಆ ತುದಿಯ ಬಾವಿಯ ಕಡೆ ನಡೆದೇಬಿಟ್ಟಳು. ಚಹಾ ಆರಿತು. ಅಂಥ ಗಟ್ಟಿ ಹುಡುಗಿಯನ್ನು ನಾನು ನೋಡಿಲ್ಲ.

ಎಲ್ಲಿ ಹೊರಟೆ, ಹಾಡು ಛಲೋ ಐತಿ ಎಂದು ಅಜ್ಜಿ ಕೂಗಿದರು. ಹಾಡಿನ ಗುಂಗು ಅವರನ್ನು ಬಿಡಲಿಲ್ಲ. ಮುಂದೇನಾತು ಅಂತ ಅವ್ವನನ್ನೇ ಕೇಳಿದರು. ಅವ್ವ ಸಾಲಿನ ತುದಿಗೆ ಬಂದು ಸೊಂಟ ನೆಟ್ಟಗೆ ಮಾಡಿ ಕೊನೆಯ ನುಡಿ ಎತ್ತಿದಳು:

“ಕೋಡಿನ ಮರಿ ಹೊತ್ತು ಗುಡ್ಡವ ಇಳದಾಳ
ಬಾಗಿಲಿಗೆ ನಿಂತು ಕರದಾಳ, ತಮ್ಮಯ್ಯ
ಬಿಸಿರೊಟ್ಟಿ ನೀಡೊ ಹಸದೇನ.”

ಇದು ನಾನು ಹೇಳಿದ ಕೊನೆಯೇ ಅಲ್ಲ. ಅಕ್ಕ ಮನೆಗೆ ಬಂದಿದ್ದಾಳೆ, ಹಿಮ ಕೊಡವಿ ಕೂತು ರೊಟ್ಟಿ ಉಣ್ಣುತ್ತಿದ್ದಾಳೆ. ಕೊನೆ ಬದಲಿಸುವ ಹಕ್ಕು ಯಾರು ಕೊಟ್ಟರು ಎಂದು ಅವ್ವನ ಮೇಲೆ ರೇಗಿದೆ. ಅವ್ವ ಕಳೆ ತೆಗೆಯುವ ಕುರ್ಪಿಯ ಮಣ್ಣು ಒರೆಸಿಕೊಂಡಳು.

“ನೀ ಹೇಳಿದ್ದು ಕೇಳೇನಿ. ಹೆಣ್ಣ ಕೂಸನ್ನ ಆ ಥಂಡ್ಯಾಗ ಬಿಟ್ಟ ಬರೂ ಹಾಡ ನಾ ಹಾಡಂಗಿಲ್ಲ.”

ಅಜ್ಜಿಗೆ ನಾನು ಮೆಲ್ಲಗೆ ವಿಷಯ ತಿಳಿಸಿದೆ. ನಿಮ್ಮ ಮೊಮ್ಮಗಳು ಬಿಟ್ಟದ್ದು ಇದೇ ಕತೆಯನ್ನು, ಅದಕ್ಕೇ ಎದ್ದು ಹೋದಳು ಎಂದೆ. ಹಾಡಿನ ಕೊನೆ ಬೇರೆ ಎಂದು ಹೇಳಲು ಹೋದೆ, ಅವರು ಕೇಳಿಸಿಕೊಳ್ಳಲಿಲ್ಲ. ಬಾವಿಯ ಕಡೆಗೇ ನೋಡುತ್ತಿದ್ದರು. ತಾವು ಅಂದಿದ್ದ ಹದಿನೈದು ದಿನ ಯಾವಾಗಲೋ ದಾಟಿತ್ತು. ಆಮೇಲೆ ತಾವೇ ಎದ್ದು, ಆರಿದ ಚಹಾ ಕಾಯಿಸಲು ಕಿಟ್ಲಿ ಹಿಡಿದು ಹೊರಟರು.

ಅವತ್ತಿನಿಂದ ಮನೆಯಲ್ಲಿ ಕಾವಲು ಅಜ್ಜಿಯದೇ. ಅಣ್ಣಂದಿರು ಅನಿಮೆಯ ಹೆಸರೆತ್ತಿದರೂ ಗದರಿಸಿ ಸುಮ್ಮನಿರಿಸುತ್ತಿದ್ದರಂತೆ. ಮೊಮ್ಮಗಳನ್ನು ನೋಡಿ ತಮ್ಮಷ್ಟಕ್ಕೆ ನಗುತ್ತಿದ್ದರಂತೆ, ಕತೆ ತಮಗೆ ಗೊತ್ತಿದೆ ಎಂಬ ಬಿಗುಮಾನದಲ್ಲಿ. ಗೆಳತಿ ಹಲ್ಲು ಕಚ್ಚಿ ತಡೆದುಕೊಂಡಳು. ನಾನೂ ತಡೆದೆ, ಅವ್ವನಿಗೆ ಮತ್ತೇನೂ ಹೇಳಲಿಲ್ಲ.

ದೀಪಾವಳಿ ಬಂತು. ಬಸದಿಯ ಪೂಜೆ ಮುಗಿಸಿ ಗೆಳತಿ ನೇಮ ಪೂರೈಸಿದಳು. ಮಧ್ಯಾಹ್ನದ ಮೇಲೆ ನಾನು ಹೋದೆ, ಗೋಕಾಕದವನು ಕರದಂಟಿನ ಡಬ್ಬಿ ಹಿಡಿದು ಬಂದ. ಲ್ಯಾಪ್‌ಟಾಪ್ ಮುಂದೆ ಕೂತರೆ, ಅಜ್ಜಿಯೂ ಖುರ್ಚಿ ಹಾಕಿಸಿಕೊಂಡು ಬಂದು ಕೂತರು. ಅವರಿಗಾಗಿ ನಾನು ಮಾತುಗಳನ್ನು ಕನ್ನಡದಲ್ಲಿ ಹೇಳುತ್ತ ಹೋದೆ. ನನಗ ಗೊತ್ತೈತಿ, ಗೊತ್ತೈತಿ ಎಂದು ಅಜ್ಜಿ ನಗುತ್ತಿದ್ದರು.

ಆಗ ನನಗೆ ನೆನಪಾಯಿತು. ಅಜ್ಜಿ ಕಾಯುತ್ತಿರುವ ಕೊನೆ ಅಲ್ಲಿ ಇಲ್ಲ. ಅಜ್ಜಿಗೆ ಹೇಳಿದರೆ ಪಕ್ಕದಲ್ಲೇ ಕೂತ ಗೆಳತಿಗೆ ಹೇಳಿದಂತೆ, ನಾಲ್ಕು ತಿಂಗಳ ಅವಳ ನೇಮ ಮಣ್ಣುಪಾಲು. ಹೇಳದಿದ್ದರೆ ಅಜ್ಜಿಯ ಮುಖ ನೋಡಬೇಕು. ಹೇಳಲಿಲ್ಲ.

ತಮ್ಮ ಊದಿದ. ಹಿಮದೊಳಗಿಂದ ಮರಿಯೊಂದೇ ಬಂತು. ಅಜ್ಜಿ ಮುಂದಕ್ಕೆ ಬಾಗಿ ಅದರ ಹಿಂದೆ ಹುಡುಕಿದರು. ಶಾಲು ಕಂಬಕ್ಕೆ ಏರಿತು, ಪರದೆ ಕಪ್ಪಾಯಿತು. ಗೆಳತಿ ತನ್ನ ಹೆಗಲ ಮೇಲಿನ ಶಾಲನ್ನು ಹಿಡಿದುಕೊಂಡು ಕದಲದೆ ಕೂತಿದ್ದಳು.

ಗೋಕಾಕದವನು ಶ್ರಾವಣದಿಂದ ಕೂಡಿಟ್ಟದ್ದನ್ನು ಬಿಚ್ಚಿದ. ಇದಕ್ಕಿಂತ ದೊಡ್ಡ ಕೊನೆ ತಾನು ನೋಡಿಲ್ಲ, ಅವಳು ತಿರುಗಿ ಬಂದಿದ್ದರೆ ಇಡೀ ಸರಣಿ ಸುಳ್ಳಾಗುತ್ತಿತ್ತು ಎಂದು ಶುರುಮಾಡಿದವನು ಅಜ್ಜಿಯ ಮುಖ ನೋಡಿ ಅರ್ಧಕ್ಕೇ ನಿಲ್ಲಿಸಿದ.

“ಮುಂದ ಹಚ್ಚು,” ಎಂದರು ಅಜ್ಜಿ.

ಮುಂದೆ ಇಲ್ಲ, ಮುಗಿಯಿತು ಎಂದೆ. ಅಜ್ಜಿ ನನ್ನತ್ತ ತಿರುಗಿದರು, ನಾನೇ ಅವರ ಕೈಯಿಂದ ಏನೋ ಕಸಿದುಕೊಂಡಂತೆ. ಇವರು ತಪ್ಪು ತೋರಿಸುತ್ತಿದ್ದಾರೆ, ನಿಮ್ಮವ್ವ ಹುಡುಗಿ ತಿರುಗಿ ಬಂದಳು ಎಂದೇ ಹಾಡಿದಳು, ನಾನು ಈ ಕಿವಿಯಿಂದ ಕೇಳಿದ್ದೇನೆ ಎಂದರು. ಗೆಳತಿಗೆ ಆಗಲೇ ಗೊತ್ತಾದದ್ದು, ತಾನು ಕಿವಿ ಮುಚ್ಚಿಕೊಂಡು ಎದ್ದು ಹೋದ ಹಾಡಿನಲ್ಲಿ ಏನಿತ್ತು ಎಂದು. ಅವಳು ನನ್ನ ಕಡೆ ನೋಡಿದಳು.

“ಅವ್ವಗ ಫೋನ್ ಹಚ್ಚು. ನಾ ಅದನ್ನ ಕೇಳಬೇಕು.”

ಹಚ್ಚಿದೆ. ಕೆಲಸ ಮುಗಿಸಿ ಕೂತಿದ್ದ ಅವ್ವ, ಯಾಕೆ ಏನು ಎಂದು ಒಂದು ಮಾತೂ ಕೇಳದೆ ಮೊದಲಿನಿಂದ ಹಾಡಿದಳು. ಕುರಿ ಕಾಯ್ದ ಅವ್ವನ ದನಿ ಫೋನಿನಲ್ಲೂ ದೊಡ್ಡದು. ಹತ್ತಿ ಉದುರಿತು, ಮರಿ ತಪ್ಪಿತು, ಅಕ್ಕ ತಿರುಗಿ ಹೋದಳು. ಗುಡ್ಡವ ಇಳದಾಳ ಎನ್ನುವಲ್ಲಿ ಅಜ್ಜಿಯೂ ಸೇರಿಕೊಂಡರು. ಕಂತಿನುದ್ದಕ್ಕೂ ಒಂದು ಹನಿ ಕಣ್ಣೀರು ಹಾಕದ ಗೆಳತಿ ಆಗ ಬಿಕ್ಕಿ ಬಿಕ್ಕಿ ಅತ್ತಳು, ನಾನೂ ಅತ್ತೆ. ದೊಡ್ಡ ಕೊನೆ ಎಂದಿದ್ದ ಗೋಕಾಕದವನು ಕರದಂಟಿನ ಡಬ್ಬಿಯ ಮುಚ್ಚಳ ತೆಗೆದು ಹಾಕಿ ಮಾಡುತ್ತಿದ್ದ. ಇನ್ನೊಮ್ಮೆ ಎಂದಳು ಗೆಳತಿ. ಅವ್ವ ಇನ್ನೊಮ್ಮೆ ಹಾಡಿದಳು.

ಅಡುಗೆಮನೆಯಿಂದ ಅಜ್ಜಿಯ ಸೊಸೆ ಬಂದು ದೀಪ ಹಾಕಿದಾಗಲೇ ನಮಗೆ ಎಚ್ಚರವಾದದ್ದು. ಹೊರಗೆ ಹೊತ್ತು ಮುಳುಗಿತ್ತು. ಆಗಲೇ ಬಡಿಸಿಟ್ಟಿದ್ದ ಅಜ್ಜಿಯ ತಾಟು ಒಳಗೆ ಹಾಗೆಯೇ ಇತ್ತು, ಸೊಸೆ ಎರಡು ಸಲ ಕರೆದದ್ದು ಯಾರಿಗೂ ಕೇಳಿಸಿರಲಿಲ್ಲ. ಇನ್ನು ಬೆಳಗಾಗುವ ತನಕ ಅಜ್ಜಿಗೆ ನೀರೂ ಇಲ್ಲ. ಗೆಳತಿ ಗಾಬರಿಯಾಗಿ ಎದ್ದು ನಿಂತಳು, ನನ್ನಿಂದ ನೀವು ಉಪವಾಸ ಬಿದ್ದಿರಿ ಎಂದಳು. ಅಜ್ಜಿ ಅವಳ ಶಾಲಿನ ತುದಿ ಹಿಡಿದು ಮತ್ತೆ ಕೂರಿಸಿಕೊಂಡರು.

“ಇರ್ಲಿ ಬಿಡು. ಅಕಿ ಬಂದು ಉಂಡ್ಳಲ್ಲ.”