ಕಣ್ಣಿನ ಕ್ಯಾಂಪೂ ಚನ್ನವೀರಪ್ಪನ ಹೆಸರೂ

ಚನ್ನವೀರಪ್ಪನಿಗೆ ತನ್ನ ಹೆಸರು ಅಂದ್ರೆ ಒಂಥರಾ ಹಸಿವು. ಎಷ್ಟು ಕಡೆ ಬರೆಸಿದ್ರೂ ಹೊಟ್ಟೆ ತುಂಬ್ತಿರ್ಲಿಲ್ಲ.

ದಾವಣಗೆರೆ ಕಡೆಯಿಂದ ಬಂದು ರಾಜಾಜಿನಗರದಲ್ಲಿ ಕಬ್ಬಿಣದ ಅಂಗಡಿ ಇಟ್ಟಿದ್ದ. ಅಂಗಡಿ ಬೋರ್ಡಲ್ಲಿ ಕಬ್ಬಿಣ ಅನ್ನೋದು ಸಣ್ಣಕ್ಕೆ, ಚನ್ನವೀರಪ್ಪ ಅನ್ನೋದು ದಪ್ಪಕ್ಕೆ. ಬೀದೀಲಿ ಗಣಪತಿ ಕೂರಿಸಿದ್ರೆ ಪೆಂಡಾಲ್ ಮೇಲೆ ಅವನ ಹೆಸರು. ಕಬಡ್ಡಿ ಆಡಿಸಿದ್ರೆ ಕಪ್ ಮೇಲೆ ಅವನ ಹೆಸರು. ಒಂದ್ಸಲ ಬಡಾವಣೆಯ ಹಿರಿಯರೊಬ್ರು ತೀರ್ಕೊಂಡಾಗ ಶ್ರದ್ಧಾಂಜಲಿ ಬೋರ್ಡ್ ನಿಲ್ಲಿಸಿದ್ದ. ಅದನ್ನ ನೋಡಿದೋರು, ಸತ್ತೋನು ಚನ್ನವೀರಪ್ಪನೇ ಅಂದ್ಕೊಂಡು ಅವನ ಮನೆಗೇ ಹಾರ ತಂದ್ರು. ತಾಯಿ ನೀಲಗಂಗಮ್ಮ ಬಾಗಿಲು ತೆಗೆದು, "ಇನ್ನೂ ಇದಾನಪ್ಪ. ಒಳಗೆ ಉಪ್ಪಿಟ್ಟು ತಿಂತಾ ಇದಾನೆ" ಅಂತ ಹೇಳಿ ಕಳಿಸಿದ್ಲು.

ಆ ನೀಲಗಂಗಮ್ಮನಿಗೆ ಎರಡು ಕಣ್ಣಿಗೂ ಪೊರೆ ಬಂದಿತ್ತು. ತಟ್ಟೇಲಿ ಏನಿದೆ ಅಂತ ಕೈಯಲ್ಲಿ ಮುಟ್ಟಿ ನೋಡಿ ಉಣ್ತಿದ್ಲು. ದೊಡ್ಡಾಸ್ಪತ್ರೆಗೆ ಮಾತ್ರ ಬರಲ್ಲ ಅಂತ ಹಟ. ಗಂಡ ಅಲ್ಲಿಗೆ ನಡ್ಕೊಂಡು ಹೋಗಿದ್ದ, ನಡ್ಕೊಂಡು ಬರ್ಲಿಲ್ಲ. ಅಷ್ಟೊತ್ತಿಗೆ ಕಣ್ಣಿನ ಡಾಕ್ಟರುಗಳು ಚನ್ನವೀರಪ್ಪನಿಗೂ ಬಡಾವಣೆ ಕಮಿಟಿಯವರಿಗೂ, ಇಲ್ಲಿನ ಸ್ಕೂಲಲ್ಲೇ ಪುಕ್ಕಟೆ ಕಣ್ಣಿನ ಆಪರೇಷನ್ ಕ್ಯಾಂಪ್ ಮಾಡ್ತೀವಿ ಅಂದ್ರು. ಜನ ಸೇರಿಸೋ ಕೆಲ್ಸ ನಿಮ್ದು, ಜನ ಇಲ್ದಿದ್ರೆ ಆಪರೇಷನ್ ಟೇಬಲ್ ಹಾಕಲ್ಲ ಅಂತ್ಲೂ ಹೇಳಿದ್ರು. "ಸ್ಕೂಲಲ್ಲಾದ್ರೆ ಮಾಡಿಸ್ಕೋತೀನಿ" ಅಂದ್ಲು ಮುದುಕಿ. ಚನ್ನವೀರಪ್ಪ ಖುಷಿಯಾಗಿ ಪೋಸ್ಟರ್ ಮಾಡ್ಸಕ್ಕೆ ಓಡ್ದ.

ಪ್ರೆಸ್ಸಿನ ಸೇತುರಾಮ ಅಚ್ಚು ಜೋಡ್ಸಿ ತೋರಿಸ್ದ. ಮೇಲೆ ಚನ್ನವೀರಪ್ಪ ಕೈ ಮುಗಿದಿರೋ ಫೋಟೋ. ಕೆಳಗೆ ಶ್ರೀಯುತ ಚನ್ನವೀರಪ್ಪನವರು, ಸಮಾಜ ಸೇವಕರು, ಕಲಾಪೋಷಕರು. ಅದರ ಕೆಳಗೆ ಕಮಿಟಿಯವರ ಹೆಸರು. ಒಂದು ಬಿಟ್ರೂ ಅವರು ಮುನಿಸ್ಕೊಂಡು ಮಾತು ಬಿಡ್ತಾರೆ.

"ಕಣ್ಣಿನ ವಿಷ್ಯ ಎಲ್ಲಿ ಹಾಕ್ಲಿ ಸಾರ್?" ಅಂದ ಸೇತುರಾಮ.

"ಕೆಳಗೆ ಜಾಗ ಇದೆಯಲ್ಲ."

"ಅಲ್ಲಿ ನನ್ನ ಪ್ರೆಸ್ಸಿನ ಹೆಸರಿದೆ."

"ಅದರ ಪಕ್ಕ ಹಾಕಪ್ಪ."

ಹಂಗೇ ಆಯ್ತು. ಇನ್ನು ಅಂಟಿಸೋದು. ಆಗ ಸುತ್ತಮುತ್ತ ಹಳ್ಳಿ ಹಸುಗಳು ಬೀದೀಲೇ ಮೇಯ್ತಿದ್ವು. ಮೈದಾ ಅಂಟಿನ ವಾಸನೆಗೆ ಗೋಡೆ ಮೇಲಿನ ಪೋಸ್ಟರನ್ನ ಕಿತ್ತು ತಿಂದ್ಬಿಡ್ತಿದ್ವು. ತನ್ನ ಹೆಸರು ಹಸು ಹೊಟ್ಟೆಗೆ ಹೋಗೋದು ಚನ್ನವೀರಪ್ಪನಿಗೆ ಸಹಿಸಕ್ಕಾಗುತ್ತಾ? ಏಣಿ ಹಾಕ್ಸಿ ಎಲ್ಲಾನೂ ಸಜ್ಜಾ ಎತ್ತರಕ್ಕೆ ಅಂಟಿಸ್ದ. ಹಸುಗೂ ಸಿಗ್ಲಿಲ್ಲ, ಮನುಷ್ಯರಿಗೂ ಸಿಗ್ಲಿಲ್ಲ.

ನೀಲಗಂಗಮ್ಮ ಪಕ್ಕದ ಮನೆ ಶಿವಕ್ಕನ ಕೈ ಹಿಡ್ಕೊಂಡು ಪೋಸ್ಟರ್ ಕೆಳಗೆ ಬಂದು ನಿಂತ್ಲು.

"ಏನು ಬರ್ದವ್ನೆ, ಓದಮ್ಮ."

ಶಿವಕ್ಕ ಕತ್ತು ಎತ್ತಿದ್ಲು. "ಶ್ರೀಯುತ ಚನ್ನವೀರಪ್ಪನವರು."

"ಆಮೇಲೆ?"

"ನಿಮ್ಮ ಮಗ ಕೈ ಮುಗೀತಾ ಇದಾರೆ."

"ಮುಗೀಲಿ. ಆಮೇಲೆ?"

"ಬರೀ ಹೆಸರು ಕಣ್ರೀ. ತೀರಾ ಕೆಳಗೆ ಇರುವೆ ಸಾಲಿನ ಥರ ಏನೋ ಇದೆ. ಕಾಣಲ್ಲ."

"ನಿನ್ನ ಕಣ್ಣು ನೆಟ್ಟಗಿದೆ ತಾನೇ?"

"ಈಗ್ಲೂ ಸೂಜಿಗೆ ದಾರ ಪೋಣಿಸ್ತೀನಿ!"

ಸೈಕಲ್ಲಲ್ಲಿ ಹೋಗ್ತಿದ್ದ ಒಬ್ಬ ಕಾಲೂರಿ ನಿಂತ. ಎಪ್ಪತ್ತೆಂಟರ ಎಲೆಕ್ಷನ್ ಹತ್ರ ಬಂದಿತ್ತು. "ನಿಮ್ಮ ಮಗ ಎಲೆಕ್ಷನ್‌ಗೆ ನಿಂತಿದಾರಾ ಅಜ್ಜಿ? ಯಾವ ಗುರ್ತು?"

"ಏಣಿ ಗುರ್ತು ಕಣಪ್ಪ. ಹತ್ತಿದ್ರೆ ಮಾತ್ರ ಓದಕ್ಕಾಗೋದು."

ಮನೆಗೆ ಬಂದು, ಪೋಸ್ಟರ್ ಓದಕ್ಕೇ ಆಗಲ್ಲ ಅಂತ ಮಗನಿಗೆ ಹೇಳಿದ್ಲು. "ಜನ ಬರ್ತಾರೆ ಬಿಡವ್ವ, ನನ್ನ ಹೆಸರಿದೆ" ಅಂದ ಅವನು.

ಕ್ಯಾಂಪ್ ದಿನ ಚನ್ನವೀರಪ್ಪ ಇಸ್ತ್ರಿ ಪಂಚೆ ಉಟ್ಕೊಂಡು ಸ್ಕೂಲ್ ಗೇಟಲ್ಲಿ ಕೈ ಮುಗಿದು ನಿಂತಿದ್ದ, ಫೋಟೋದಲ್ಲಿ ಇದ್ದಂಗೇ. ಕಮಿಟಿಯವರು ಬಂದ್ರು. ಅವರ ಕಣ್ಣಿಗೆ ಏನೂ ಆಗಿರ್ಲಿಲ್ಲ. ರೋಗಿ ಅಂತ ಬಂದಿದ್ದು ನೀಲಗಂಗಮ್ಮ, ಜೊತೆಗೆ ದಾರಿ ತಪ್ಪಿ ಬಂದ ಒಬ್ಬ ಹಲ್ಲು ನೋವಿನೋನು. ಮುದುಕಿ ತಲೆಗೆ ಸ್ನಾನ ಮಾಡಿ, ವಿಭೂತಿ ಇಟ್ಕೊಂಡು, ಮಕ್ಕಳ ಬೆಂಚಿನ ಮೇಲೆ ಕಾಯ್ತಾ ಕೂತಿದ್ಲು.

ಡಾಕ್ಟರು ಪೆಟ್ಟಿಗೆ ಬಿಚ್ಲೇ ಇಲ್ಲ. "ಒಬ್ರಿಗೋಸ್ಕರ ಟೇಬಲ್ ಹಾಕಕ್ಕಾಗಲ್ಲ ಸಾರ್. ಮುಂದಿನ ತಿಂಗಳು ಇನ್ನೊಂದ್ಸಲ ಬರ್ತೀವಿ. ಆಗ್ಲೂ ಹಿಂಗೇ ಆದ್ರೆ ಈ ಕಡೆ ತಲೆ ಹಾಕಲ್ಲ. ಅಮ್ಮಂಗೆ ಪೊರೆ ಬಲಿತಿದೆ, ಹೆಚ್ಚು ದಿನ ಬಿಡ್ಬೇಡಿ."

ದಾರೀಲಿ ಚನ್ನವೀರಪ್ಪ ಗೊಣಗ್ದ. "ಈ ಜನಕ್ಕೆ ಒಳ್ಳೇದು ಮಾಡ್ಬಾರ್ದು ಕಣವ್ವ."

"ನೀನೆಲ್ಲಿ ಮಾಡ್ದೆ? ಊರಿಗೆಲ್ಲಾ ನಿನ್ನ ಮುಖ ತೋರಿಸ್ದೆ. ನಾನು ಅದನ್ನ ನೋಡದೇ ಸಾಯ್ಬೇಕು, ಅಷ್ಟೇ ತಾನೇ?"

ಮಾರನೇ ದಿನ ಅವನು ಸುಣ್ಣ, ಕೆಮ್ಮಣ್ಣು, ಬ್ರಷ್ಷು ತಂದ. ಸುಣ್ಣದ ಮೇಲೆ ಬರೆದ್ರೆ ಹಸು ತಿನ್ನಲ್ಲ, ಏಣಿನೂ ಬೇಡ ಅಂತ ಅಷ್ಟು ಬುದ್ಧಿ ಬಂದಿತ್ತು. ಬ್ರಷ್ ಅದ್ದಿ ಗೋಡೆ ಮೇಲೆ "ಶ್ರೀ" ಅಂತ ಶುರು ಮಾಡ್ದ.

"ಏನು ಬರೀತಿದೀಯ?" ಅಂದ್ಲು ತಾಯಿ ಹಿಂದಿಂದ.

ಚನ್ನವೀರಪ್ಪ ಅದನ್ನ ಅಳಿಸ್ದ.

ನಲ್ಲಿ ಎದುರಿಗೆ, ರೇಷನ್ ಅಂಗಡಿ ಪಕ್ಕ, ಬಸ್ ಸ್ಟಾಪಲ್ಲಿ, ಜನ ಸುಮ್ನೆ ನಿಂತು ಕಾಯೋ ಕಡೆಯೆಲ್ಲಾ ಅವನ ಕೈಲಿ ಬರೆಸಿದ್ಲು. ಒಂದು ದೊಡ್ಡ ಕಣ್ಣಿನ ಚಿತ್ರ. ಕಣ್ಣಿನ ಪೊರೆ ತೆಗೀತಾರೆ. ಬರೋ ತಿಂಗಳ ಮೊದಲ್ನೇ ಭಾನುವಾರ. ಸ್ಕೂಲಲ್ಲಿ. ದುಡ್ಡಿಲ್ಲ. ಅಷ್ಟೇ. ಅವನು ಬರೆಯೋದು, ಅವಳು ರಸ್ತೆ ಆ ಕಡೆ ನಿಂತು ಕಣ್ಣು ಕಿರಿದು ಮಾಡಿ ನೋಡೋದು.

"ಕಾಣಲ್ಲ. ಇನ್ನೂ ದಪ್ಪಕ್ಕೆ ಬರಿ."

"ಇದಕ್ಕಿಂತ ದಪ್ಪಾನಾ ಅವ್ವಾ?"

"ನಂಗೆ ಕಾಣೋ ಗಂಟ. ಬರೋರೆಲ್ಲಾ ನನ್ನಂಥೋರೇ ಅಲ್ವೇನೋ."

ಆ ಭಾನುವಾರ ಲಗ್ಗೆರೆಯಿಂದ, ನಾಗರಬಾವಿಯಿಂದೆಲ್ಲಾ ಮುದುಕರು ಬಂದ್ರು. ಬೆಂಚು ಸಾಲದೇ ನೆಲದ ಮೇಲೆ ಕೂತ್ರು. ಟೇಬಲ್ ಹಾಕಿದ್ರು. ಗೇಟಲ್ಲಿ ನಿಂತಿದ್ದ ಚನ್ನವೀರಪ್ಪನನ್ನ ಯಾರೂ ಕೇಳ್ಲಿಲ್ಲ. ಒಬ್ಬ ಅವನ ಕೈಗೆ ಚಪ್ಪಲಿ ಕೊಟ್ಟು, "ನೋಡ್ಕೊಳಪ್ಪ" ಅಂದ.

ಆಪರೇಷನ್ ಆಗಿ, ಪಟ್ಟಿ ಬಿಚ್ಚಿ, ದಪ್ಪ ಗಾಜಿನ ಕನ್ನಡಕ ಬಂದ ಮೇಲೆ ನೀಲಗಂಗಮ್ಮ ಮಗನ ಜೊತೆ ಮೊದಲು ಹೋಗಿದ್ದು ನಲ್ಲಿ ಎದುರಿನ ಗೋಡೆ ಹತ್ರ. ಮೂರನೇ ಕ್ಲಾಸು ಓದಿದೋಳು. ಒಂದೊಂದೇ ಅಕ್ಷರ ಕೂಡಿಸಿ ಓದಿದ್ಲು. ಕಣ್ಣಿನ ಚಿತ್ರ ನೋಡಿ, ಮೀನಿದ್ದಂಗಿದೆ ಅಂದ್ಲು. ಆಮೇಲೆ ಬಗ್ಗಿದ್ಲು. ಇನ್ನೂ ಬಗ್ಗಿದ್ಲು. ಚರಂಡಿ ಪಕ್ಕ, ಗೋಡೆಯ ಬುಡದಲ್ಲಿ, ಅಕ್ಕಿ ಕಾಳಿನಷ್ಟು ಅಕ್ಷರದಲ್ಲಿ ಇತ್ತು: ಶ್ರೀಯುತ ಚನ್ನವೀರಪ್ಪನವರು.

"ಇದ್ಯಾವಾಗ ಬರ್ದೆ?"

ಅವನ ಮುಖ ಕಂದಿ ಹೋಯ್ತು. "ನೀನು ಆ ಕಡೆ ತಿರುಗಿದ್ದಾಗ. ಯಾರಿಗೂ ಕಾಣಲ್ಲ ಬಿಡವ್ವ."

"ನಂಗೆ ಕಾಣ್ತು" ಅಂತ ಮುದುಕಿ ಹೆಬ್ಬೆರಳಿಗೆ ಎಂಜಲು ಹಚ್ಚಿ ಅದನ್ನ ಒರೆಸಿ ಹಾಕಿದ್ಲು.