ಅಲ್ಲಾಡಿಸಿ ಆರಿಸಿದ್ದು

ತಿಪಟೂರಿನ ಕಡೆಯವರ ಕೈಗೆ ಒಂದು ಅಭ್ಯಾಸವಿದೆ. ಈ ಕಡೆ ಬಂದರೆ ನೀವೂ ಗಮನಿಸಬಹುದು. ಅಟ್ಟದಿಂದ ಇಳಿಸಿದ ಒಣಕಾಯಿಯನ್ನು ಕೈಗೆತ್ತಿಕೊಂಡವರು ಮೊದಲು ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ವರ್ಷದ ಹತ್ತಿರ ಅಟ್ಟದಲ್ಲಿ ಮಲಗಿದ ಕಾಯಿಯ ನೀರು ಇಂಗಿ, ತಿರುಳು ಚಿಪ್ಪನ್ನು ಬಿಟ್ಟು ಉಂಡೆಯಾಗಿ ಉರುಳತೊಡಗಿದಾಗ ಒಳಗಿನಿಂದ ಲೊಡಲೊಡ ಸದ್ದು ಬರುತ್ತದೆ. ಸದ್ದು ಬಂದರೆ ಕೊಬ್ಬರಿಯಾಗಿದೆ ಎಂದರ್ಥ; ಬಾರದಿದ್ದರೆ ಮತ್ತೆ ಅಟ್ಟಕ್ಕೆ. ಭೌತಶಾಸ್ತ್ರ ಪಾಠ ಮಾಡಿ ನಿವೃತ್ತನಾದ ನಾನು ದೇವರಿಂದ ಹಿಡಿದು ದಿನಪತ್ರಿಕೆಯವರೆಗೆ ಎಲ್ಲವನ್ನೂ ಸಂದೇಹಿಸಿದ್ದೇನೆ, ಈ ಸದ್ದೊಂದನ್ನು ಬಿಟ್ಟು.

ಈಚೆಗೆ ಸಂದೇಹ ಹುಟ್ಟಿರುವುದು ನನ್ನ ನೆನಪಿನ ಮೇಲೆಯೇ. ಮೈಸೂರಿನಲ್ಲಿ ಸಂಶೋಧನೆ ಮಾಡುತ್ತಿದ್ದಾಗ ಬಿಡಿಭಾಗಗಳನ್ನು ತಂದು ಪ್ರಯೋಗಶಾಲೆಗೆ ಕಂಪ್ಯೂಟರ್ ಜೋಡಿಸಿದವನು ನಾನೇ ಎಂದು ಎಷ್ಟೋ ವರ್ಷ ಹೇಳಿಕೊಂಡು ಬಂದಿದ್ದೆ. ಅಂದಿನ ಸಹಪಾಠಿಯೊಬ್ಬ ಮೊನ್ನೆ ಫೋನಿನಲ್ಲಿ, ಜೋಡಿಸಿದ್ದು ತಾನು, ನಾನು ಪಕ್ಕದಲ್ಲಿ ಟಾರ್ಚು ಹಿಡಿದು ನಿಂತಿದ್ದೆ ಅಷ್ಟೆ ಎಂದ. ಇಬ್ಬರಲ್ಲಿ ಯಾರ ನೆನಪು ಸರಿ ಎಂದು ತೀರ್ಮಾನಿಸಲು ಮೂರನೆಯವರಿಲ್ಲ. ಇದರ ಜೊತೆಗೆ, ಒಂದೇ ತಿಂಗಳಲ್ಲಿ ಎರಡು ಸಲ ಉರಿಯುವ ಒಲೆಯನ್ನು ಹಾಗೆಯೇ ಬಿಟ್ಟು ಬೀದಿಗೆ ಹೋಗಿದ್ದೆ. ತುಮಕೂರಿಗೆ ಹೋಗಿ ನರರೋಗದ ಡಾಕ್ಟರಿಗೆ ತೋರಿಸೋಣ ಎಂದು ಹೆಂಡತಿ ನಿರ್ಮಲ ಹಟ ಹಿಡಿದಳು.

ಅಷ್ಟರಲ್ಲಿ ಮನೆಯ ಹಳೆಯ ಕಂಪ್ಯೂಟರ್ ಕೆಟ್ಟಿತು. ಹೊಸದನ್ನು ಬಿಡಿಭಾಗ ಆರಿಸಿ ನಾನೇ ಕಟ್ಟುತ್ತೇನೆ, ಒಂದು ಚೀಟಿಯನ್ನೂ ಬರೆದುಕೊಳ್ಳುವುದಿಲ್ಲ, ನೆನಪು ನೆಟ್ಟಗಿದೆಯೋ ಇಲ್ಲವೋ ಅದರಲ್ಲೇ ಗೊತ್ತಾಗಲಿ ಎಂದೆ.

"ಆಗ್ಲಿ. ಒಂದೂ ತಪ್ಪಿಲ್ದಂಗೆ ಜೋಡ್ಸಿ. ಆಮೇಲೆ ನಾನು ತುಮಕೂರಿನ ಮಾತೆತ್ತಿದ್ರೆ ಕೇಳಿ" ಎಂದಳು.

ಅಂಗಡಿಯ ಬಸವರಾಜು ನನ್ನ ಹಳೆಯ ವಿದ್ಯಾರ್ಥಿ, ಕೊಬ್ಬರಿ ವ್ಯಾಪಾರದ ಮನೆಯವನು. ಅವನೆದುರು ನಾನು ಮೊದಲು ಪ್ರೊಸೆಸರ್ ಹೇಳಿದೆ. ಅದು ಕೂರುವಂಥ ಮದರ್‌ಬೋರ್ಡು, ಆ ಬೋರ್ಡು ಒಪ್ಪುವ ರ‍್ಯಾಮು, ಆಮೇಲೆ ಡಿಸ್ಕು, ಎಲ್ಲ ಹಿಡಿಸುವ ಕ್ಯಾಬಿನೆಟ್ಟು. ಈ ಕೆಲಸದಲ್ಲಿ ಒಳ್ಳೆಯದನ್ನು ಆರಿಸುವುದು ಸುಲಭ, ಹೊಂದುವುದನ್ನು ಆರಿಸುವುದು ಕಷ್ಟ. ಬಿಡಿಬಿಡಿಯಾಗಿ ಶ್ರೇಷ್ಠವಾದ ಎರಡು ವಸ್ತುಗಳು ಒಂದಕ್ಕೊಂದು ಕೂರದಿದ್ದರೆ ಎರಡೂ ಕಸವೇ. ನಾನು ಎಲ್ಲಿಯೂ ತಡವರಿಸಲಿಲ್ಲ. ಬಸವರಾಜು ಏನೋ ಹೇಳಲು ಬಾಯಿ ತೆರೆದು ಸುಮ್ಮನಾದ. ಗುರುವಿನ ಜ್ಞಾಪಕಶಕ್ತಿಗೆ ಬೆರಗಾಗಿದ್ದಾನೆಂದುಕೊಂಡೆ.

ಕೊನೆಗೆ ಪವರ್ ಸಪ್ಲೈ, ಮನೆಯ ಕರೆಂಟನ್ನು ಒಳಗಿನ ಭಾಗಗಳಿಗೆ ತಕ್ಕಂತೆ ಇಳಿಸಿ ಕೊಡುವ ತಗಡಿನ ಪೆಟ್ಟಿಗೆ. ಒಂದೇ ಬಗೆಯ ಎರಡನ್ನು ಮುಂದಿಟ್ಟ. ಒಂದನ್ನೆತ್ತಿ ಅಲ್ಲಾಡಿಸಿದೆ, ನಿಶ್ಶಬ್ದ. ಇನ್ನೊಂದು ಲೊಡಲೊಡ ಎಂದಿತು.

"ಇದೇ ಇರ್ಲಿ" ಎಂದೆ.

"ಅದೇ ಇರ್ಲಿ ಬುಡಿ ಸರ್" ಎಂದು ಅವನೂ ತಲೆಯಾಡಿಸಿದ.

ಮನೆಯಲ್ಲಿ ಅದನ್ನು ಕ್ಯಾಬಿನೆಟ್ಟಿಗೆ ಕೂರಿಸುವ ಮೊದಲು ನಿರ್ಮಲ ಕೈಗೆ ತೆಗೆದುಕೊಂಡು ಕಿವಿಗೆ ಹಿಡಿದಳು. "ಚೆನ್ನಾಗಿ ಒಣಗೈತೆ ಕಣ್ರೀ. ಸುಲಿಯಾಕೆ ಆಳು ಕರೀಲಾ?"

ಆಗ ನನಗೆ ಅರಿವಾಯಿತು. ಒಳಗೆ ಕಳಚಿಕೊಂಡ ಸ್ಕ್ರೂ ಉರುಳುತ್ತಿತ್ತು. ಕರೆಂಟು ಕೊಟ್ಟಿದ್ದರೆ ಉಳಿದೆಲ್ಲವೂ ಸುಟ್ಟುಹೋಗುತ್ತಿತ್ತೋ ಏನೋ. ತಪ್ಪಾಯಿತು, ನಡಿ ತುಮಕೂರಿಗೆ ಎಂದೆ. ನಿರ್ಮಲ ಒಪ್ಪಲಿಲ್ಲ. ಇದು ಮರೆತು ಮಾಡಿದ ತಪ್ಪಲ್ಲ, ತಾನಿದ್ದರೂ ಸದ್ದು ಬರುವುದನ್ನೇ ತರುತ್ತಿದ್ದೆ, ಇದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂದಳು. ಮಿದುಳಿಗಿಂತ ಗಟ್ಟಿಯಾದ ನೆನಪು ಕೈಗಿರುತ್ತದೆ ಎಂದು ನಾನೂ ಒಂದು ಸಿದ್ಧಾಂತ ಕಟ್ಟಿಕೊಂಡು, ಹಿಗ್ಗಿನಿಂದಲೇ ಪೆಟ್ಟಿಗೆಯನ್ನು ಬದಲಿಸಲು ಹೊರಟೆ.

ಅಂಗಡಿಯಲ್ಲಿ ರಸೀದಿಗಾಗಿ ಕೈಚೀಲ ತಡಕಿದಾಗ ಮಡಿಸಿದ ಚೀಟಿಯೊಂದು ಸಿಕ್ಕಿತು. ಪ್ರೊಸೆಸರ್, ಬೋರ್ಡು, ರ‍್ಯಾಮು, ನಾನು ಹೇಳಿದ್ದ ಅದೇ ಕ್ರಮದಲ್ಲಿ, ನನ್ನದೇ ಅಕ್ಷರದಲ್ಲಿ. ಬರೆದ ನೆನಪು ನನಗಿರಲಿಲ್ಲ. ಬಸವರಾಜು ಇಣುಕಿ ನೋಡಿದ.

"ಹೋದ ವಾರ ಇಲ್ಲೇ ಕೂತ್ಕಂಡು ಬರ್ಕಂಡ್ರಲ್ಲ ಸರ್. ಎಲ್ಡು ಗಂಟೆ ಕೂತಿದ್ರಿ, ಟೀ ಕುಡುದ್ವಿ." ಚೀಟಿಯಿಂದ ಕಣ್ಣು ತೆಗೆದು ಸೇರಿಸಿದ: "ಸಾಮಾನು ತಗಳಾಕೆ ಬಂದಾಗ ಅದ್ನೇ ಹೊಸದಾಗಿ ಹೇಳಿದಂಗೆ ಹೇಳಿದ್ರಿ. ಯಾಕೆ ಅಂತ ನಾನು ಕೇಳ್ಳಿಲ್ಲ."

ಅವನು ಕೊಟ್ಟ ಬೇರೆ ಪೆಟ್ಟಿಗೆಯನ್ನು ಅಲ್ಲಾಡಿಸದೆ ಚೀಲಕ್ಕಿಟ್ಟುಕೊಂಡು ಬಂದೆ. ದಾರಿಯುದ್ದಕ್ಕೂ ಆ ಎರಡು ಗಂಟೆಗಳನ್ನು ಹುಡುಕಿದೆ. ಟೀಯ ರುಚಿ, ಕುರ್ಚಿ, ಯಾವುದೂ ಸಿಗಲಿಲ್ಲ. ಮರೆತದ್ದಕ್ಕೆ ಒಂದು ಗುರುತಾದರೂ ಉಳಿದಿರುತ್ತದೆ, ಇಂಥ ಕಡೆ ಏನೋ ಇತ್ತು ಎಂಬ ಖಾಲಿ ಜಾಗವಾದರೂ ಇರುತ್ತದೆ ಎಂದು ನಾನು ನಂಬಿದ್ದೆ. ಹಾಗೇನೂ ಇರುವುದಿಲ್ಲ ಗೆಳೆಯರೆ. ಎರಡೂ ಅಂಚು ಸೇರಿಸಿ ನುಣ್ಣಗೆ ಹೊಲಿದುಬಿಟ್ಟಿರುತ್ತದೆ.

ಸಂಜೆಗೆ ಎಲ್ಲ ಕೂಡಿಸಿ ಗುಂಡಿ ಒತ್ತಿದೆ. ಫ್ಯಾನು ತಿರುಗಿ ಪರದೆ ಬೆಳಗಿತು. ನಿರ್ಮಲ, "ಗೆದ್ರಿ ಬುಡಿ, ನಾನಿನ್ನು ತುಮಕೂರು ಅನ್ನಲ್ಲ" ಎಂದಳು. ಅವಳ ಮುಖ ನನ್ನದಕ್ಕಿಂತ ಹೆಚ್ಚು ಹಗುರಾಗಿತ್ತು. ಸುಮ್ಮನಿದ್ದುಬಿಡಬಹುದಿತ್ತು. ಜೇಬಿನಿಂದ ಚೀಟಿ ತೆಗೆದು ಅವಳ ಕೈಗಿಟ್ಟು ಬಸವರಾಜು ಹೇಳಿದ್ದನ್ನು ಹೇಳಿದೆ.

ಅವಳು ಅದನ್ನು ಎರಡು ಸಲ ಓದಿದಳು. ಆಮೇಲೆ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಕೂತಳು. ಹೊಸ ಕಂಪ್ಯೂಟರಿನಲ್ಲಿ ನಾವು ಮೊದಲು ಹುಡುಕಿದ್ದು ಬೆಳಗ್ಗೆ ತುಮಕೂರಿಗೆ ಹೋಗುವ ರೈಲಿನ ಹೊತ್ತನ್ನು.