ಸೈರನ್ನಿಗೆ ಎತ್ತಿಟ್ಟ ಸಿಟ್ಟು

ಭದ್ರಾವತಿ ಓಲ್ಡ್ ಟೌನಿನ ಟೈಲರ್ ಮಾರಪ್ಪನಿಗೆ ಸಿಟ್ಟೇ ಬರುವುದಿಲ್ಲವೆಂದಲ್ಲ, ಬಂದ ಸಿಟ್ಟನ್ನು ಅವನು ಸಂಜೆಗೆ ಎತ್ತಿಡುತ್ತಾನೆ. ತೋಳು ಗಿಡ್ಡವಾಯಿತೆಂದು ಗಿರಾಕಿ ಅಂಗಿಯನ್ನು ಮುಖದ ಮೇಲೆಸೆಯಲಿ, ಮದುವೆ ಬಟ್ಟೆ ಹೊಲಿಯುವಾಗಲೇ ಮಷಿನ್ನಿನ ಬೆಲ್ಟು ಹರಿಯಲಿ, "ಆಗ್ಲಿ ಮಾರಾಯ, ಈ ಸಿಟ್ಟು ಸೈರನ್ನಿಗಿರ್ಲಿ" ಎಂದು ಸೂಜಿಗೆ ದಾರ ಪೋಣಿಸುತ್ತಾನೆ. ಸಂಜೆ ಕಾರ್ಖಾನೆಯ ಸೈರನ್ನು ಊರೆಲ್ಲ ನಡುಗುವಂತೆ ಕೂಗಿದೊಡನೆ ಹಿತ್ತಲಿಗೆ ಹೋಗಿ, ಅದರ ಜೊತೆಗೇ ಗಂಟಲು ಹರಿಯುವಂತೆ ಕೂಗುತ್ತಾನೆ. ಏನು ಕೂಗಿದನೆಂದು ಯಾರಿಗೂ ಕೇಳಿಸುವುದಿಲ್ಲ. ಆಮೇಲೆ ಮುಖ ತೊಳೆದು ಬಂದು, ಬೈದು ಹೋದವನ ಅಂಗಿಯನ್ನೇ ಮೊದಲು ಬಿಚ್ಚಿ ಹೊಲಿಯುತ್ತಾನೆ. ಗಿರಾಕಿಗಳನ್ನು ಬೈದು ಹಗುರಾಗುತ್ತಾನಲ್ಲ, ಒಳ್ಳೆಯದೇ ಆಯಿತು ಎಂದು ಹೆಂಡತಿ ದ್ಯಾಮಮ್ಮ ಅಂದುಕೊಂಡಿದ್ದಳು. ಮೊನ್ನೆ ಅಂಗಡಿಯಲ್ಲಿ ಯಾವ ಜಗಳವೂ ಇರಲಿಲ್ಲ. ಪಕ್ಕದ ಮನೆಯವರು ಮಗನನ್ನು ಸ್ಕೂಲಿಗೆ ಸೇರಿಸಬೇಕೆಂದು ಅಂಗಿ ಬಟ್ಟೆ ಕೊಟ್ಟು ಹೋಗಿದ್ದರು, ಅಷ್ಟೇ. ಆ ಸಂಜೆ ಸೈರನ್ನು ನಿಂತರೂ ಮಾರಪ್ಪನ ಕೂಗು ನಿಲ್ಲಲಿಲ್ಲ. ಅದು ಬೈಗುಳವಾಗಿರಲಿಲ್ಲ. ಸ್ಕೂಲಿಗೆ ಸೇರುವ ಮೊದಲೇ ಜ್ವರದಲ್ಲಿ ತೀರಿಕೊಂಡ ಮಗನ ಹೆಸರಾಗಿತ್ತು: "ಹಾಲೇಶಾ... ಹಾಲೇಶಾ..." ಮರುದಿನ ಅವನು ಹಿತ್ತಲಿಗೆ ಹೊರಟಾಗ ದ್ಯಾಮಮ್ಮ ಒಲೆಯ ಮುಂದಿನಿಂದ ಎದ್ದು, "ಇರಿ, ನಾನೂ ಬರ್ತೀನಿ" ಎಂದಳು. ಸೈರನ್ನು ಕೂಗಿತು. ಪಕ್ಕದಲ್ಲಿ ನಿಂತು ಅವಳೂ ಬಾಯಿ ತೆರೆದಳು.